ಸೂಜಿಯ ಮೂರನೆಯ ತುಂಡು

ಪಾರದರ್ಶಕ ಟೇಪಿನ ಕೆಳಗೆ ಎರಡು ತುಂಡುಗಳಿದ್ದವು. ಒಂದು ಸೂಜಿಯ ದಪ್ಪ ಬುಡ, ಇನ್ನೊಂದು ಅದರ ನಡುಭಾಗ. ಅವುಗಳ ಕೆಳಗೆ ನಾಲ್ಕು ಮಿಲಿಮೀಟರಿನಷ್ಟು ಕಾಗದ ಖಾಲಿ ಉಳಿದಿತ್ತು. ತುದಿ ಸಿಕ್ಕಿರಲಿಲ್ಲ.

ಆ ರಿಜಿಸ್ಟರ್ ನನ್ನ ಮೇಜಿಗೆ ಬಂದಾಗ ಮಧ್ಯಾಹ್ನ ಹನ್ನೆರಡೂಕಾಲು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಅದರಲ್ಲೂ ಹೊರದೇಶಕ್ಕೆ ಮಕ್ಕಳ ಬಟ್ಟೆ ಕಳಿಸುವ ಕಡೆ, ಸೂಜಿ ಮುರಿದರೆ ಹೊಸ ಸೂಜಿಯನ್ನು ಸುಮ್ಮನೆ ಕೊಡುವುದಿಲ್ಲ. ಮುರಿದ ತುಂಡುಗಳನ್ನೆಲ್ಲ ಹುಡುಕಿ, ಮೊದಲಿದ್ದಂತೆಯೇ ಜೋಡಿಸಿ, ಪುಟಕ್ಕೆ ಅಂಟಿಸಿ, ಸೂಜಿ ಪೂರ್ತಿಯಾಗಿದೆ ಎಂದು ಇಬ್ಬರು ಸಹಿ ಹಾಕಬೇಕು. ಆಮೇಲೆ ಇನ್ನೊಂದು ಸೂಜಿ. ಒಂದು ಚೂರು ಕಡಿಮೆ ಬಿದ್ದರೂ ಆ ಲೈನಿನಲ್ಲಿ ಅಂದು ಹೊಲಿದ ಅಷ್ಟೂ ಬಟ್ಟೆ ಲೋಹ ಪತ್ತೆ ಮಾಡುವ ಯಂತ್ರದೊಳಗೆ ಹಾದು ಬರಬೇಕು. ಚೂರು ಸಿಗುವವರೆಗೆ ಒಂದು ಪೆಟ್ಟಿಗೆಯನ್ನೂ ಮುಚ್ಚುವಂತಿಲ್ಲ.

ಆ ವಾರ ನಾವು ಹೊಲಿಯುತ್ತಿದ್ದುದು ಮೂರು ತಿಂಗಳೊಳಗಿನ ಕೂಸುಗಳ ಬಿಳಿ ಬನಿಯನ್. ಅಂಗೈ ಮೇಲೆ ಹರಡಿದರೆ ಅಂಗೈಗಿಂತ ಸ್ವಲ್ಪ ದೊಡ್ಡದು. ಅದು ಕಡಲು ದಾಟಿ, ಅಂಗಡಿ ಸೇರಿ, ಯಾರದೋ ಮನೆಗೆ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಅದನ್ನು ತೊಡುವ ಮಗು ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ ಒಂದು ಕೂಸಿನ ಕತ್ತಿಗೆ ಏನೂ ಚುಚ್ಚದಿರಲಿ ಎಂದು ನೂರೈವತ್ತು ಜನರ ಕಾರ್ಖಾನೆ ಕೆಲಸ ನಿಲ್ಲಿಸುತ್ತದೆ. ಈ ನಿಯಮ ನನಗೆ ಬಹಳ ಇಷ್ಟ. ವ್ಯಂಗ್ಯವಾಗಿ ಹೇಳುತ್ತಿಲ್ಲ. ಮೈಸೂರಿನಲ್ಲಿ ಸಮಾಜಕಾರ್ಯ ಓದುವಾಗ, ಮಾನವ ಹಕ್ಕುಗಳ ಪರೀಕ್ಷೆಯಲ್ಲಿ, ಒಂದು ದೇಶದವರ ಹಕ್ಕಿಗೆ ಇನ್ನೊಂದು ದೇಶದವರು ಎಷ್ಟರ ಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೆ ಎಂಟು ಪುಟ ಉತ್ತರ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಆ ಎಂಟು ಪುಟದಲ್ಲಿ ಒಂದು ಉದಾಹರಣೆಯೂ ಇರಲಿಲ್ಲ. ಇಲ್ಲಿ ವೆಲ್‌ಫೇರ್ ಆಫೀಸರ್ ಆಗಿ ಸೇರಿದ ಮೊದಲ ವಾರ ಈ ಸೂಜಿ ರಿಜಿಸ್ಟರ್ ನೋಡಿದಾಗ ಆ ಉತ್ತರವನ್ನು ಮತ್ತೊಮ್ಮೆ ಬರೆಯಬೇಕು ಅನ್ನಿಸಿತ್ತು.

ಮ್ಯಾನೇಜರ್ ಬಾಗಿಲಿಗೇ ಬಂದು ನಿಂತರು. ಐವತ್ತು ದಾಟಿದವರು, ತಾವೇ ಹೊಲಿಗೆ ಮಿಷನ್ನಿನಿಂದ ಮೇಲೆ ಬಂದವರು. ನನ್ನನ್ನು ಕರೆಯುವುದು ‘ಅಮ್ಮಣಿ’ ಎಂದು, ಈ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ಅವರ ಮಾತು ತಮಿಳು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಏನುಂಗ ಅಮ್ಮಣಿ, ಆರು ಗಂಟೆಗೆ ಲಾರಿ. ತೂತ್ತುಕುಡಿಯಲ್ಲಿ ಹಡಗು ನಮ್ಮ ಸೂಜಿಗೋಸ್ಕರ ಕಾಯುತ್ತಾ?"

"ತುದಿ ಸಿಗದೆ ಪೆಟ್ಟಿಗೆ ಮುಚ್ಚೋ ಹಾಗಿಲ್ಲ ಸಾರ್."

"ಅದು ನನಗೆ ಗೊತ್ತಿಲ್ವಾ? ಎದ್ದು ಬಾ, ಹುಡುಕು. ಓದಿದ ಕಣ್ಣು ಚುರುಕಾಗಿರುತ್ತೆ ಅಂತಾರೆ."

ಹೇಳಲು ಸಂಕೋಚವಾಗುತ್ತದೆ, ಆದರೆ ಆ ಹೊತ್ತಿನಲ್ಲಿ ನನಗಾದದ್ದು ಗಾಬರಿಯಲ್ಲ, ಹುರುಪು. ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಊಟಕ್ಕೂ ಒಂಟಿಯಾಗಿ ಕೂರುವವಳು. ಅಂದು ಮಾತ್ರ ಡಬ್ಬಿ ತೆರೆಯದೆ ಲೈನಿಗೆ ಹೋಗಿ ನಿಂತೆ. ಇಬ್ಬರು ಹೆಂಗಸರು ಆಯಸ್ಕಾಂತ ಕಟ್ಟಿದ ಕೋಲು ಹಿಡಿದು ನೆಲವನ್ನೆಲ್ಲ ಸವರುತ್ತಿದ್ದರು. ಇನ್ನಿಬ್ಬರು ಬನಿಯನ್‌ಗಳನ್ನು ಒಂದೊಂದಾಗಿ ಪತ್ತೆಯಂತ್ರದ ಚಲಿಸುವ ಪಟ್ಟಿಯ ಮೇಲೆ ಇಡುತ್ತಿದ್ದರು. ಬಿಳಿ ಬನಿಯನ್‌ಗಳು ಸಾಲಾಗಿ ಒಳಹೋಗಿ ಆಚೆ ಬರುತ್ತಿದ್ದವು. ಊಟದ ಬಿಡುವಿನಲ್ಲಿದ್ದವರೆಲ್ಲ ಸುತ್ತ ನಿಂತು, ಎಷ್ಟನೆಯದರಲ್ಲಿ ಸಿಗುತ್ತದೆ ಎಂದು ಚಹಾದ ಪಂದ್ಯ ಕಟ್ಟಿದ್ದರು.

"ಒಂದು ಸೂಜಿ ಮೂತಿಗೆ ಎಷ್ಟು ಮರ್ಯಾದೆ ನೋಡ್ರೇ," ಎಂದಳು ಚೆಕ್ಕಿಂಗಿನವಳೊಬ್ಬಳು. "ನಂಗೆ ಗಂಡು ಹುಡುಕುವಾಗ ನಮ್ಮಪ್ಪ ಇದರಲ್ಲಿ ಕಾಲುಭಾಗ ಹುಡುಕಿದ್ರೆ ಸಾಕಿತ್ತು."

ಒಮ್ಮೆ ಯಂತ್ರ ಕೂಗಿತು. ಎಲ್ಲರೂ ನುಗ್ಗಿದೆವು. ನಾನೂ ನುಗ್ಗಿದೆ, ಯಾರದೋ ಕಾಲು ತುಳಿದೆ. ಬಂಡಲಿನ ಚೀಟಿಗೆ ಹಾಕಿದ್ದ ಸ್ಟೇಪ್ಲರ್ ಪಿನ್ನು. ಹೋ ಎಂಬ ಕೂಗು ಎದ್ದು ಅಡಗಿತು. ಅಷ್ಟನ್ನೂ ಎರಡನೆಯ ಸಲ ಹಾಯಿಸಿದರು. ತುದಿ ಇಲ್ಲ.

ಮುರಿದ ಸೂಜಿಯ ಮಿಷನ್ನಿನವರು ಚಾಮರಾಜನಗರದ ಕಡೆಯ ಅಕ್ಕ, ಗಂಡನ ಜೊತೆ ಇಲ್ಲಿಗೆ ಬಂದು ಆರು ವರ್ಷ. ಕೂಸಿನ ಬನಿಯನ್ನಿನ ಕತ್ತಿಗೆ ಪಟ್ಟಿ ಕೂರಿಸುವುದರಲ್ಲಿ ಅವರಂಥವರು ಇಡೀ ಕಂಪನಿಯಲ್ಲಿ ಇನ್ನೊಬ್ಬರಿಲ್ಲ. ನನ್ನದು ಬೇರೆ ಕತೆ: ನಾವು ತಲೆಮಾರುಗಳಿಂದ ಕೊಯಮತ್ತೂರು ಸೀಮೆಯಲ್ಲಿ ಮಗ್ಗ ನೇಯುತ್ತ ಬಂದ ಕನ್ನಡದ ಮನೆಯವರು. ಹೊಸಿಲೊಳಗೆ ಕನ್ನಡ, ಹೊರಗೆ ತಮಿಳು. ಅಪ್ಪ ಅಮ್ಮನಿಗೆ ಕನ್ನಡದ ಅಕ್ಷರ ತಿಳಿಯದು. ನಾನು ಕಲಿತದ್ದು ಮೈಸೂರಿನಲ್ಲಿ. ಕಂಪನಿಯಲ್ಲಿ ನಾನು ಕನ್ನಡ ಮಾತಾಡುವುದು ಈ ಅಕ್ಕನೊಬ್ಬರ ಜೊತೆ ಮಾತ್ರ, ಮತ್ತು ಪ್ರತಿಸಲವೂ ಅವರು ನನ್ನ ಕನ್ನಡಕ್ಕೆ ನಗುತ್ತಾರೆ. ಅಂದು ಅವರು ನಿಂತುಹೋದ ಮಿಷನ್ನಿನ ಮುಂದೆ, ಎಡಗೈಯನ್ನು ಸೆರಗಿನೊಳಗಿಟ್ಟು ಸುಮ್ಮನೆ ಕೂತಿದ್ದರು.

ಎರಡು ಸಲ ಹಾಯಿಸಿದ್ದನ್ನು ದಾಖಲಿಸಲು ನಾನು ಮೇಜಿಗೆ ಮರಳಿದೆ. ನನ್ನ ಮೇಜಿನ ಮೇಲೆ ಎರಡು ರಿಜಿಸ್ಟರುಗಳು ಪಕ್ಕಪಕ್ಕದಲ್ಲೇ ಇರುತ್ತವೆ: ಸೂಜಿಯದು, ಪ್ರಥಮ ಚಿಕಿತ್ಸೆಯದು. ಎರಡನ್ನೂ ನೋಡಿಕೊಳ್ಳುವವಳು ನಾನೇ. ಸೂಜಿಯದರಲ್ಲಿ ಮೇಲ್ವಿಚಾರಕರು ಬರೆದಿದ್ದರು: ಮುರಿದ ಹೊತ್ತು ಹನ್ನೊಂದು ಇಪ್ಪತ್ತು. ಪಕ್ಕದ ರಿಜಿಸ್ಟರ್ ತೆರೆದೇ ಇತ್ತು. ಅದರ ಕೊನೆಯ ಸಾಲು ನನ್ನ ಅಕ್ಷರ. ಹನ್ನೊಂದು ನಲವತ್ತು, ಎಡಗೈ ತೋರುಬೆರಳು, ಸಣ್ಣ ಗಾಯ, ಪಟ್ಟಿ ಒಂದು.

ಆ ಪಟ್ಟಿ ಹಾಕಿದವಳೂ ನಾನೇ. ಅಕ್ಕನ ಬೆರಳ ತುದಿಯಲ್ಲಿ ಒಂದು ಚುಕ್ಕೆ ರಕ್ತವಿತ್ತು, ಸುತ್ತ ಮಿಷನ್ ಎಣ್ಣೆಯ ಜಿಡ್ಡಿತ್ತು. ಒರೆಸಿ, ಪಟ್ಟಿ ಸುತ್ತಿ, ‘ಸಣ್ಣ ಗಾಯ’ ಎಂದು ಬರೆದು, ಕಾಲಂ ತುಂಬಿದ್ದಕ್ಕೆ ಸಮಾಧಾನಪಟ್ಟಿದ್ದೆ. ನಿಖರವಾಗಿ ಬರೆಯುವುದರಲ್ಲಿ ನನಗೆ ಹೆಮ್ಮೆ. ಎರಡೂ ಸಾಲು ನಿಖರವಾಗಿದ್ದವು. ಒಂದರ ಪಕ್ಕ ಒಂದಿಟ್ಟು ಓದಲು ಮಾತ್ರ ನನಗೆ ಎರಡು ಗಂಟೆ ಹಿಡಿದಿತ್ತು. ಸೂಜಿ ರಿಜಿಸ್ಟರಿನಲ್ಲಿ ಮಿಷನ್ ನಂಬರಿಗೆ, ಬಟ್ಟೆಗೆ, ತುಂಡುಗಳಿಗೆ ಕಾಲಂ ಇದೆ. ಕೈಗೆ ಇಲ್ಲ. ಹಾಗಾಗಿ ಯಾರೂ ಕೈಯಲ್ಲಿ ಹುಡುಕಲಿಲ್ಲ.

ಓಡಿದೆ. ಕಂಪನಿಯೊಳಗೆ ನಾನು ಓಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ದಾರಿಯಲ್ಲಿ ಕೈಯಲ್ಲಿ ಹಿಡಿಯುವ ಪತ್ತೆಯಂತ್ರವನ್ನು ಎತ್ತಿಕೊಂಡೆ. ಅದು ದೋಸೆ ಮಗುಚುವ ಕೈಯ ಹಾಗಿರುತ್ತದೆ.

"ಅಕ್ಕಾ, ಕೈ ತೋರ್ಸಿ."

"ಯಾಕವ್ವ, ಬಳ ತೊಡುಸ್ತೀಯಾ?"

"ತಮಾಷೆ ಬ್ಯಾಡಕ್ಕಾ. ವಲಿ ಇದ್ಯಾ?"

"ವಲಿ ಅಂತ ವಲಿ! ನೋವು ಅನ್ನಿ ಮೇಡಂ. ಮೈಸೂರ್ಗ ಹೋಗಿ ಏನ್ ಕಲ್ತ್ರಿ?" ನಗುತ್ತಲೇ ಹೇಳಿದರು, ಆದರೆ ಕೈ ಸೆರಗಿನಿಂದ ಬರಲಿಲ್ಲ. "ಏನಿಲ್ಲ ಬುಡಿ. ವಸಿ ಚುಚ್ಕಂಡದ, ಹೋಯ್ತದ."

ನಾನು ಆ ಯಂತ್ರವನ್ನು ಸೆರಗಿನ ಮೇಲೇ ಹಿಡಿದೆ.

ಕೂಗಿತು.

ಲೈನಿನ ಕೊನೆಯಿಂದ ಯಾರೋ "ಸಿಕ್ತು!" ಎಂದು ಕೂಗಿದರು, ಚಪ್ಪಾಳೆ ಬಿತ್ತು, ಒಂದರ ಹಿಂದೊಂದು ಇಡೀ ಲೈನು ಚಪ್ಪಾಳೆ ಹೊಡೆಯಿತು. ನಾನೂ ನಗುತ್ತಿದ್ದೆ. ಗೆದ್ದವಳ ಹಾಗೆ ಯಂತ್ರವನ್ನು ಮೇಲೆತ್ತಿ ಹಿಡಿದಿದ್ದೆ ಎಂದು ಆಮೇಲೆ ಹೇಳಿದರು. ಅಕ್ಕನ ಮುಖ ನೋಡಿದ ಮೇಲೆ ಇಳಿಸಿದೆ.

"ಕಂಡುಬುಟ್ರಲ್ಲ," ಎಂದರು ಅವರು, ಮೆಲ್ಲಗೆ. "ಇನ್ ಮನೆಗ ಕಳುಸ್ತೀರಿ. ಎಂಟ್ ದಿನ ಬುಟ್ಟು ಬಂದ್ರ ನನ್ನ ಮಿಷನ್ನಲ್ಲಿ ಇನ್ಯಾರೋ ಕುಂತಿರ್ತಾರ."

ಅವರು ಹೆದರಿದ್ದು ಅದಕ್ಕೇ. ಅದು ಸುಳ್ಳು ಹೆದರಿಕೆಯೂ ಅಲ್ಲ. ಹೊಲಿಯುವವರ ನಡುವೆ ಇದಕ್ಕೊಂದು ರೂಢಿಯೇ ಇದೆ. ಸೂಜಿ ಬೆರಳು ಹೊಕ್ಕರೆ ಬೆರಳನ್ನು ಮಿಷನ್ ಎಣ್ಣೆಗೆ ಅದ್ದಿ, ಕತ್ತರಿಸಿ ಬಿಟ್ಟ ಬಟ್ಟೆಯ ಚೂರು ಸುತ್ತಿ, ಕೈಯಲ್ಲಿದ್ದ ಬಂಡಲ್ ಮುಗಿಸುವುದು. ಹೊಸಬಳಿಗೆ ಮೊದಲ ಸಲ ಚುಚ್ಚಿದರೆ ನಮ್ಮ ಲೈನಿನವರು ಅವಳಿಗೆ ಬೋಂಡ ತರಿಸಿ ತಿನ್ನಿಸುತ್ತಾರೆ, ಇನ್ನು ನೀನು ಟೈಲರ್ ಆದೆ ಎಂದು. ಅಂಥ ಬೋಂಡದಲ್ಲಿ ನನಗೂ ಪಾಲು ಬಂದಿದೆ, ತಿಂದಿದ್ದೇನೆ.

ಮಿಷನ್ನಿಗೆ ಗಾರ್ಡ್ ಎಂದು ಒಂದು ಪುಟ್ಟ ತಂತಿಯ ತಡೆ ಬರುತ್ತದೆ, ಬೆರಳು ಸೂಜಿಯ ಕೆಳಗೆ ಹೋಗದ ಹಾಗೆ. ನಮ್ಮಲ್ಲಿ ಅವು ಸ್ಟೋರಿನ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಖರೀದಿದಾರರ ಕಡೆಯಿಂದ ತಪಾಸಣೆಗೆ ಬರುವ ದಿನ ಬೆಳಿಗ್ಗೆ, ನೆಂಟರಿಗೆ ಬೆಳ್ಳಿ ಲೋಟ ತೆಗೆಯುವ ಹಾಗೆ, ಡಬ್ಬ ಕೆಳಗಿಳಿಯುತ್ತಿತ್ತು. ಸಂಜೆ ತೊಳೆದ ಲೋಟದಂತೆಯೇ ಒಳಗೆ ಹೋಗುತ್ತಿತ್ತು. ಗಾರ್ಡ್ ಇದ್ದರೆ ಅಷ್ಟು ಸಣ್ಣ ಕತ್ತು ತಿರುಗಿಸುವಾಗ ಹೊಲಿಗೆ ಕಾಣುವುದಿಲ್ಲ, ಕೆಲಸ ನಿಧಾನವಾಗುತ್ತದೆ ಎಂದು ಹೊಲಿಯುವವರೇ ಬಿಚ್ಚಿಡುತ್ತಿದ್ದರು. ಪ್ರತಿ ತಿಂಗಳ ಸುರಕ್ಷತಾ ಪಟ್ಟಿಯಲ್ಲಿ ‘ಗಾರ್ಡ್ ಇದೆ’ ಎಂಬ ಚೌಕಕ್ಕೆ ಟಿಕ್ ಹಾಕುತ್ತಿದ್ದವಳು ನಾನು. ಡಬ್ಬದಲ್ಲಿ ಇದ್ದವಲ್ಲ, ಆದ್ದರಿಂದ ಇದ್ದವು.

ಮ್ಯಾನೇಜರ್ ಕಂಪನಿಯ ವ್ಯಾನ್ ತರಿಸಿದರು. ನಾನೂ ಹತ್ತಿದೆ. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬೂದು ಬಣ್ಣದ ಬೆರಳು, ಬೆಳ್ಳಗಿನ ಮೂಳೆ, ಅದರ ಪಕ್ಕ ಇನ್ನೂ ಬೆಳ್ಳಗೆ ಒಂದು ಗೀಟು. ಡಾಕ್ಟರು, ಹೀಗೇ ಬಿಟ್ಟಿದ್ದರೆ ಕೀವಾಗಿ ಬೆರಳು ಮಡಿಚಲು ಬಾರದೆ ಹೋಗಬಹುದಿತ್ತು ಎಂದರು. ಮಡಿಚಲು ಬಾರದ ತೋರುಬೆರಳಿನಿಂದ ಕತ್ತಿನ ಪಟ್ಟಿ ತಿರುಗಿಸಲಾಗುವುದಿಲ್ಲ. ಅಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆರಳು ಮರಗಟ್ಟಿಸಿ ಚಿಮುಟದಲ್ಲಿ ಎಳೆದು ತೆಗೆದದ್ದನ್ನು ಅವರು ಕಣ್ಣು ಮುಚ್ಚದೆ ನೋಡಿದರು.

"ಇಷ್ಟೇನಾ? ಇದ್ಕ ಹಡಗು ನಿಂತದಾ?"

ಡಾಕ್ಟರಿಗೆ ಕನ್ನಡ ಬಾರದು, ಆದರೂ ನಕ್ಕರು. ತುದಿಯನ್ನು ಸಣ್ಣ ಗಾಜಿನ ಶೀಶೆಯಲ್ಲಿ ಹಾಕಿಕೊಟ್ಟರು. ವಾಪಸು ಬರುವಾಗ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಮ್ಯಾನೇಜರ್ ಗೇಟಿನಲ್ಲೇ ಅಕ್ಕನನ್ನು ಮಾತಾಡಿಸಿದರು. ಅವರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ಕಂಪನಿಯದು, ಒಂದು ವಾರ ಸುಧಾರಿಸಿಕೋ, ಕಾಗದದಲ್ಲಿ ಮಾತ್ರ ಬೇಡ ಎಂದರು. ಅಪಘಾತ ಎಂದು ದಾಖಲಾದರೆ ಖರೀದಿದಾರರು ಆರ್ಡರ್ ಹಿಂದಕ್ಕೆ ತೆಗೆದಾರು ಎಂಬುದು ಅವರ ಭಯ. ಅಕ್ಕ ತಲೆಯಾಡಿಸಿದರು. ನಾನು ಅವರನ್ನು ಪಕ್ಕಕ್ಕೆ ಕರೆದೆ.

"ಅಕ್ಕಾ, ಬರೆದರೆ ರಜಕ್ಕೆ ಸಂಬಳ ಬರುತ್ತೆ. ವಿಮೆ ಆಸ್ಪತ್ರೆ ನೋಡ್ಕೊಳ್ಳುತ್ತೆ. ತಿಂಗಳು ತಿಂಗಳು ನಿಮ್ಮ ಸಂಬಳದಲ್ಲಿ ಅದಕ್ಕೇ ಹಿಡೀತಾರಲ್ಲ."

"ಬರುದ್ರ ಬತ್ತದ. ಆಮೇಲ ನಾನು ಬರಾದು ಬ್ಯಾಡ ಅಂದ್ರ? ನೆಲದ ಮ್ಯಾಲ ಸಿಕ್ತು ಅಂತ್ಲೇ ಬರಿ ಕನವ್ವ."

ನನ್ನ ಹುರುಪು ಅಲ್ಲಿಗೆ ಒಮ್ಮೆ ತಡೆದು ನಿಂತಿತು. ಹಕ್ಕು ಅವರದು. ಅದು ಬೇಡ ಎನ್ನುವುದೂ ಅವರದೇ ಎಂದಮೇಲೆ, ಅವರ ಪರವಾಗಿ ಬೇಕು ಎನ್ನಲು ನಾನು ಯಾರು? ಎಂಟು ಪುಟದ ಉತ್ತರದಲ್ಲಿ ಇದಕ್ಕೆ ಜಾಗವಿರಲಿಲ್ಲ. ಸರಿ ಎಂದೆ.

ನಾಲ್ಕೂವರೆಗೆ ಕಂಪ್ಯೂಟರಿನಲ್ಲಿ ಕರೆ. ಪೆಟ್ಟಿಗೆ ಮುಚ್ಚಲು ಖರೀದಿದಾರರ ಕಡೆಯ ಗುಣಮಟ್ಟದ ಅಧಿಕಾರಿ ಒಪ್ಪಬೇಕು. ಯುರೋಪಿನ ಒಂದು ಬಂದರಿನ ಊರಿನವರು, ನರೆತ ಕೂದಲಿನ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ನೇತುಹಾಕಿಕೊಂಡಿರುತ್ತಾರೆ. ಅವರ ಇಂಗ್ಲಿಷು, ಮ್ಯಾನೇಜರರ ತಮಿಳು, ನಡುವೆ ನಾನು. ಅಂದು ಅಕ್ಕನೂ ಕೋಣೆಯಲ್ಲಿದ್ದರು. ಸೂಜಿ ಯಾರದೋ ಅವರು ಹಾಜರಿರಬೇಕೆಂಬುದು ನಿಯಮ. ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಒರಗಿ ನಿಂತಿದ್ದರು.

ನಾನು ಶೀಶೆ ತೋರಿಸಿದೆ.

"ಒಳ್ಳೆಯದು. ಎಲ್ಲಿ ಸಿಕ್ಕಿತು?"

ಮ್ಯಾನೇಜರ್ ಕ್ಯಾಮೆರಾದ ಕಡೆ ನಗುತ್ತ, ತಮಿಳಿನಲ್ಲಿ ನನಗೆ, "ಮಿಷನ್ ಕಾಲ ಹತ್ತಿರ ನೆಲದ ಮೇಲೆ ಅನ್ನು ಅಮ್ಮಣಿ, ಮುಗೀಲಿ," ಎಂದರು.

"ನೆಲದ ಮೇಲೆ," ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಪರದೆಯಲ್ಲಿದ್ದ ಅಧಿಕಾರಿ ಬರೆದುಕೊಂಡರು. ಬರೆಯುತ್ತಲೇ, "ಹಾಗಾದರೆ ಆ ನೆಲ ಸರಿಯಾಗಿ ಗುಡಿಸಿರಲಿಲ್ಲ ಎಂದಾಯಿತು. ಆ ಹೊತ್ತಿನಲ್ಲಿ ಗುಡಿಸುವವರು ಯಾರು? ಹೆಸರು ಬೇಕು, ಅವರಿಗೆ ಕೊಟ್ಟ ಎಚ್ಚರಿಕೆ ಪತ್ರದ ಪ್ರತಿಯೂ ಬೇಕು," ಎಂದರು. ಒರಟಾಗಿ ಹೇಳಲಿಲ್ಲ. ನಮೂನೆಯ ಮುಂದಿನ ಸಾಲು ಅದು, ಓದಿದರು.

ಮ್ಯಾನೇಜರಿಗೆ ತಮಿಳಿನಲ್ಲಿ ಹೇಳಿದೆ. ಅವರು ಹಣೆ ಉಜ್ಜಿಕೊಂಡರು. ಗೋಡೆಯ ಕಡೆ ತಿರುಗಿ ಅಕ್ಕನಿಗೆ ಕನ್ನಡದಲ್ಲಿಯೂ ಹೇಳಿದೆ. ಅದನ್ನು ಹೇಳಬೇಕೆಂದು ಯಾರೂ ಕೇಳಿರಲಿಲ್ಲ.

"ಕಸ ಗುಡ್ಸೋ ಅಜ್ಜಿ ಹೆಸ್ರಾ?" ಅಕ್ಕ ಗೋಡೆ ಬಿಟ್ಟು ಬಂದರು. "ಆ ಅಜ್ಜಿ ಗುಡ್ಸಿದ್ ನೆಲ ನಾನು ಉಣ್ಣೋ ತಟ್ಟಗಿಂತ ಚೆಂದಾಗದ. ಅವ್ಳ ತಲ ಮ್ಯಾಲ ಹಾಕ್ತೀರಾ? ಸರೀರಿ ಅತ್ಲಾಗ."

ನನ್ನ ಕುರ್ಚಿಯನ್ನು ಮೊಣಕೈಯಿಂದ ತಳ್ಳಿ, ಪಟ್ಟಿ ಸುತ್ತಿ ದಪ್ಪಗಾಗಿದ್ದ ಬೆರಳನ್ನು ಕ್ಯಾಮೆರಾದ ಮುಂದೆ ಹಿಡಿದರು. ಪರದೆಯ ತುಂಬ ಆ ಬೆರಳೇ.

"ಇಲ್ಲಿತ್ತು ಅನ್ನವ್ವ. ಇಲ್ಲಿ."

"ನಾನು ಈಗ ಹೇಳಿದ್ದು ಸುಳ್ಳು," ಎಂದೆ. "ತುದಿ ಇವರ ಬೆರಳಿನಲ್ಲಿತ್ತು. ಹನ್ನೊಂದು ಇಪ್ಪತ್ತರಿಂದ ಮೂರು ಗಂಟೆಯವರೆಗೆ ಅಲ್ಲೇ ಇತ್ತು."

ಆಕೆ ಕನ್ನಡಕ ತೆಗೆದರು. ಆಮೇಲೆ, "ಅವರಿಗೆ ಈಗ ಹೇಗಿದೆ?" ಎಂದರು. ಎರಡು ವರ್ಷದಲ್ಲಿ ಇಂಥ ಕರೆಗಳಲ್ಲಿ ಬಟ್ಟೆಯ ಬಗ್ಗೆಯಲ್ಲದೆ ಬೇರೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಕ್ಕನಿಗೆ ಹೇಳಿದೆ. "ಚೆಂದಾಗಿವ್ನಿ ಅನ್ನು. ಊಟ ಆಯ್ತಾ ಅಂತ ಕೇಳು," ಎಂದರು. ಅದನ್ನೂ ಇಂಗ್ಲಿಷಿಗೆ ಹಾಕಿದೆ.

ಆಮೇಲೆ ಆದದ್ದು ಹತ್ತು ನಿಮಿಷದ ಮಾತು, ಆದರೆ ಅಷ್ಟು ವೇಗವಾಗಿ ನಾನು ಜೀವನದಲ್ಲಿ ಮಾತಾಡಿಲ್ಲ. ಮಿಷನ್ನಿಗೆ ಗಾರ್ಡ್ ಇರಲಿಲ್ಲವೇ, ಕಳೆದ ತಿಂಗಳ ಪಟ್ಟಿಯಲ್ಲಿ ಇದೆ ಎಂದಿದೆಯಲ್ಲ ಎಂದು ಆಕೆ ಕೇಳಿದರು. ಅದು ನನ್ನ ಟಿಕ್ಕು, ನೋಡದೆ ಹಾಕಿದ್ದು ಎಂದೆ. ಮ್ಯಾನೇಜರಿಗೆ ನನ್ನ ಇಂಗ್ಲಿಷಿನಲ್ಲಿ ಅಷ್ಟು ಅರ್ಥವಾಗಿರಬೇಕು, ಮೇಜು ಕುಟ್ಟಿ ಎದ್ದರು.

"ಹುಡುಗಿ ಒಬ್ಬಳೇ ಯಾಕೆ ಹೊರಬೇಕು? ಬಟ್ಟೆ ಕತ್ತರಿಸಿ ಆದ ಮೇಲೆ ಹತ್ತು ದಿನ ಮುಂಚೆ ಬೇಕು ಅಂದವರು ಯಾರು ಅಂತ ಕೇಳು. ಹತ್ತು ದಿನ ನಾನು ಎಲ್ಲಿಂದ ತರಲಿ? ಗಾರ್ಡ್ ಬಿಚ್ಚಿದ್ದರಿಂದ ತಂದೆ. ಹಾಗೇ ಹೇಳು ಅಮ್ಮಣಿ, ಮೆತ್ತಗೆ ಮಾಡ್ಬೇಡ."

ಮೆತ್ತಗೆ ಮಾಡಲಿಲ್ಲ. ಮೇಜು ಕುಟ್ಟಿದ್ದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅಕ್ಕ, "ಬಿಚ್ಚಿಟ್ಟಿದ್ದು ನಾನೇ, ಅದ್ನೂ ಹೇಳು. ಅದು ಹಾಕುದ್ರ ಕತ್ತು ಕಾಣಲ್ಲ," ಎಂದರು. ಅದನ್ನೂ ಹೇಳಿದೆ. ಬೆಳಿಗ್ಗೆಯಿಂದ ಯಾರದೂ ಅಲ್ಲವಾಗಿದ್ದ ಒಂದು ತಪ್ಪಿಗೆ ಈಗ ಮೂರು ಭಾಷೆಯಲ್ಲಿ ಜನ ಪಾಲು ಕೇಳುತ್ತಿದ್ದರು.

ಪರದೆಯ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡರು. "ಆ ಹತ್ತು ದಿನ ನಮ್ಮದು," ಎಂದರು. "ಬೇಡ ಎಂದು ಸಭೆಯಲ್ಲಿ ಹೇಳಿದ್ದೆ. ಒಂದು ಸಲ ಹೇಳಿ ಸುಮ್ಮನಾದೆ." ಬಟ್ಟೆ ಕತ್ತರಿಸಿದ ಮೇಲೆ ದಿನ ಕಡಿಮೆ ಮಾಡಬಾರದೆಂದು ಈ ಘಟನೆಯನ್ನೇ ಇಟ್ಟು ಬರೆಯುತ್ತೇನೆ, ಉಳಿದವರು ಒಪ್ಪುತ್ತಾರೆಂದು ಮಾತು ಕೊಡಲಾರೆ ಎಂದರು. ಆರ್ಡರ್ ಹಿಂದಕ್ಕೆ ತೆಗೆಯುವುದಿಲ್ಲ, ಅದನ್ನು ಮಾತ್ರ ಈಗಲೇ ಹೇಳಬಲ್ಲೆ. ತಂತಿಯ ಬದಲು ಪಾರದರ್ಶಕವಾದ ಗಾರ್ಡ್ ಒಂದಿದೆ, ಕೆಲವು ಮಾದರಿ ಕಳಿಸುತ್ತೇನೆ, ಇವರು ಹಾಕಿ ನೋಡಿ ಹೇಳುತ್ತಾರಾ?

"ನೋಡಿ ಹೇಳ್ತೀನಿ," ಎಂದರು ಅಕ್ಕ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿಸುವವರ ಗತ್ತಿನಲ್ಲಿ. "ಕತ್ತು ಕಂಡ್ರ ಹಾಕ್ತೀನಿ. ಕಾಣ್ದೆ ಹೋದ್ರ ವಾಪಸ್ಸು."

ತುದಿ ಎಲ್ಲಿ ಸಿಕ್ಕಿತೆಂದು ಬರೆಯಲು ಕಾಲಂ ಇಲ್ಲ ಎಂದೆ. ಅಂಚಿನಲ್ಲಿ ಬರೆಯಿರಿ, ಕಾಲಂ ಹಾಕಿಸುವುದು ನನ್ನ ಕೆಲಸ ಎಂದರು ಪರದೆಯ ಹೆಂಗಸು. ಬರೆದೆ: ‘ತುದಿ, ಹೊಲಿಯುವವರ ಎಡಗೈ ತೋರುಬೆರಳಿನೊಳಗೆ ಸಿಕ್ಕಿತು.’ ಅಕ್ಷರ ಓರೆಕೋರೆಯಾಯಿತು. ಮೂರನೆಯ ತುಂಡನ್ನು ಅಂಟಿಸಿದಾಗ ಸೂಜಿ ಸರಿಯಾಗಿ ಕೂಡಿಕೊಂಡಿತು. ಫೋಟೋ ಹೋಯಿತು, ಒಪ್ಪಿಗೆ ಬಂತು. ಲಾರಿ ನಲವತ್ತು ನಿಮಿಷ ತಡವಾಗಿ ಹೊರಟಿತು.

ಹೋಗುವ ಮುಂಚೆ ಅಕ್ಕ ಮ್ಯಾನೇಜರ ಮುಂದೆ ನಿಂತು, ತಮ್ಮ ಅರೆಬರೆ ತಮಿಳಿನಲ್ಲಿ, ಬೆರಳು ವಾಸಿಯಾದ ಮೇಲೆ ನನ್ನನ್ನು ಕರೆಯುತ್ತೀರಾ ಎಂದು ಕೇಳಿದರು. "ನಿನ್ನ ಮಿಷನ್ನಿಗೆ ಇನ್ಯಾರನ್ನು ಕೂರಿಸಲಿ? ನಾನೇ ಕೂತರೂ ಆ ಕತ್ತು ತಿರುಗಲ್ಲ," ಎಂದು ಅವರು ಸಿಡುಕಿದರು. ಅಕ್ಕ ನನ್ನ ಕಡೆ ತಿರುಗಿದರು. "ಬಾಯಲ್ಲಿ ಹೇಳ್ತಾರ. ಬರ್ದು ಕೊಡು ನಂಗ." ಮಧ್ಯಾಹ್ನ ಬರೆಯಬೇಡ ಎಂದವರೇ ಈಗ ಬರೆ ಎನ್ನುತ್ತಿದ್ದರು.

ಹಾಸ್ಟೆಲಿಗೆ ಬಂದು ಕೂರಲಾಗಲಿಲ್ಲ. ಮೆಟ್ಟುಪಾಳ್ಯದ ಮನೆಗೆ ಫೋನ್ ಮಾಡಿದೆ. ವಾರದ ನಡುವೆ ನಾನು ಫೋನ್ ಮಾಡುವವಳಲ್ಲ.

"ಏನ್ ಕಣ್ಣು, ಕುರಲು ಒಂದು ಥರ ಇದೆ? ವೇಲೆ ಹೋಯ್ತಾ?" ಎಂದರು ಅಮ್ಮ. ದನಿಗೆ ಕುರಲು, ಕೆಲಸಕ್ಕೆ ವೇಲೆ: ನಮ್ಮ ಮನೆಯ ಕನ್ನಡ ಹೀಗೆ.

"ಇಲ್ಲಮ್ಮಾ."

"ಮತ್ತೇನಕ್ಕೆ ಇಷ್ಟು ಸಂತೋಷ?"

ನಕ್ಕೆ. ಆಮೇಲೆ ಮುರಿದ ಸೂಜಿಯಿಂದಲೇ ಹೇಳಲು ಶುರುಮಾಡಿದೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಕಂಪನಿಯಲ್ಲಿದ್ದೆ. ಅಪಘಾತದ ವರದಿಯನ್ನು ಮೂರು ಪ್ರತಿ ಮಾಡಿದೆ. ಒಂದು ವಿಮೆ ಆಸ್ಪತ್ರೆಗೆ, ಒಂದು ಕಂಪನಿಗೆ, ಇಂಗ್ಲಿಷಿನಲ್ಲಿ. ಮೂರನೆಯದು ಅಕ್ಕನಿಗೆ, ಕನ್ನಡದಲ್ಲಿ, ಕೈಬರಹದಲ್ಲಿ. ವಾಸಿಯಾದ ಮೇಲೆ ಅದೇ ಮಿಷನ್ನಿಗೆ ಮರಳುತ್ತಾರೆ ಎಂದು ಕೊನೆಗೆ ಸೇರಿಸಿದೆ. ಎಂಟು ಗಂಟೆಗೆ ಅಕ್ಕ ಬಂದರು. ನನ್ನ ಕುರ್ಚಿಯಲ್ಲಿ ಕೂರಿಸಿ ಓದಲು ಕೊಟ್ಟೆ. ತುಟಿ ಅಲುಗಿಸುತ್ತ, ಪಟ್ಟಿ ಕಟ್ಟಿದ ಬೆರಳನ್ನೇ ಸಾಲಿನ ಕೆಳಗೆ ಸರಿಸುತ್ತ ಓದಿದರು. ಎರಡನೆಯ ಸಾಲಿನಲ್ಲಿ ನಿಂತರು.

"ಇದೇನವ್ವ? ‘ಕೆಲಸಗಾರರ ಅಜಾಗರೂಕತೆಯಿಂದ’ ಅಂತ ಅದ."

"ಹಳೇ ವರದಿಗಳಲ್ಲೆಲ್ಲ ಹಾಗೇ ಇದೆಯಕ್ಕಾ. ನೋಡಿ ಬರೆದೆ."

"ಹಳಬ್ರಿಗ ಯಾರೂ ಓದಾಕ ಕೊಟ್ಟಿರ್ನಿಲ್ಲ ಅಂತ ಕಾಣ್ತದ."

ಪೆನ್ನು ತೆಗೆದುಕೊಂಡು ಮೂರೂ ಪ್ರತಿಯಲ್ಲಿ ಆ ಮಾತನ್ನು ಹೊಡೆದುಹಾಕಿದೆ. ‘ಮಿಷನ್ನಿಗೆ ಗಾರ್ಡ್ ಇರಲಿಲ್ಲ’ ಎಂದು ಮೇಲೆ ಬರೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ತಿದ್ದಿದ ಕಡೆಯೆಲ್ಲ ಮ್ಯಾನೇಜರರ ಸಹಿಯೂ ಬೇಕಿತ್ತು. ನಾವಿಬ್ಬರೂ ಗೇಟಿಗೆ ಹೋಗಿ ನಿಂತೆವು. ಅವರ ಬೈಕ್ ತಿರುವಿನಲ್ಲಿ ಕಂಡ ಕೂಡಲೇ ನಾನು ಕಾಗದಗಳನ್ನು ರಟ್ಟಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ರಸ್ತೆಗೆ ಇಳಿದೆ.